ತಂತಿಗೆ ಕಿವಿ ಹಚ್ಚುವ ಡಬ್ಬಿ: ಗಿಟಾರ್ ಪಿಕಪ್ ಒಳಗೆ ಏನಿರುತ್ತದೆ?

ಕಲಬುರಗಿಯಲ್ಲಿ "ಪಿಕಪ್" ಅಂದ್ರೆ ಎಲ್ಲರ ಕಣ್ಣಿಗೆ ಬರೋದು ತೊಗರಿ ಚೀಲ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟ ಗಾಡಿ. ಈ ಲೇಖನ ಆ ಗಾಡಿಯದ್ದಲ್ಲ. ಎಲೆಕ್ಟ್ರಿಕ್ ಗಿಟಾರ್‌ನ ತಂತಿಗಳ ಕೆಳಗೆ ಬೆರಳುದ್ದದ ಒಂದು ಡಬ್ಬಿ ಇರುತ್ತದಲ್ಲ, ಅದರ ಹೆಸರೂ ಪಿಕಪ್ಪೇ. ಎಲೆಕ್ಟ್ರಿಕ್ ಗಿಟಾರನ್ನು ಆಂಪ್ಲಿಫೈಯರ್ ಇಲ್ಲದೆ ನುಡಿಸಿದರೆ ಪಕ್ಕದ ರೂಮಿನವನಿಗೂ ಕೇಳಿಸುವುದಿಲ್ಲ. ಅದರ ಮೈ ಗಟ್ಟಿ ಕಟ್ಟಿಗೆ, ಒಳಗೆ ಟೊಳ್ಳು ಇಲ್ಲ. ನಾವು ಸ್ಪೀಕರ್‌ನಲ್ಲಿ ಕೇಳುವುದೆಲ್ಲ ಈ ಡಬ್ಬಿ ಏನನ್ನು ಕೇಳಿಸಿಕೊಂಡಿತೋ ಅಷ್ಟೇ. ಅದು ಕೇಳಿಸಿಕೊಳ್ಳದೆ ಬಿಟ್ಟದ್ದನ್ನು ಎಷ್ಟು ದೊಡ್ಡ ಆಂಪ್ ತಂದರೂ ವಾಪಸ್ ತರಲು ಆಗುವುದಿಲ್ಲ.

ಗಿಟಾರ್ ಅಂಗಡಿಯಲ್ಲಿ ನಿಂತರೆ "ಇದು ವಾರ್ಮ್ ಟೋನ್, ಅದು ಬ್ರೈಟ್ ಟೋನ್, ಇದು ವಿಂಟೇಜ್" ಅಂತ ಮಾತು ಕೇಳುತ್ತೀವಿ. ರೇಟೂ ಹಾಗೇ ಮೇಲೆ ಹೋಗುತ್ತದೆ. ಈ ಪದಗಳ ಹಿಂದೆ ಮಂತ್ರ ಏನೂ ಇಲ್ಲ. ಥರ್ಡ್ ಸೆಮ್‌ನಲ್ಲಿ ನಾವು ಓದುವ ಆರ್‌ಎಲ್‌ಸಿ ಸರ್ಕ್ಯೂಟೇ ಇದೆ. ಇಂಟರ್ನಲ್ಸ್ ಮುಗಿದ ಮೇಲೆ ಯಾರೂ ಮತ್ತೆ ತೆಗೆದು ನೋಡದ ಆ ಚಾಪ್ಟರ್ ಇಲ್ಲಿ ಕಿವಿಗೇ ಕೇಳಿಸುತ್ತದೆ. ಅದಕ್ಕೇ ಬರೆಯೋಣ ಅನ್ನಿಸಿತು.

ಅಯಸ್ಕಾಂತ, ಸುರುಳಿ, ತಂತಿ

ಪಿಕಪ್ ಒಳಗೆ ಎರಡೇ ಮುಖ್ಯ ವಸ್ತು: ಅಯಸ್ಕಾಂತ, ಮತ್ತು ಅದರ ಸುತ್ತ ಸುತ್ತಿದ ತೆಳ್ಳನೆಯ ತಾಮ್ರದ ತಂತಿ. ಮೇಲಿರುವ ಗಿಟಾರ್ ತಂತಿ ಉಕ್ಕಿನದು ಅಥವಾ ನಿಕ್ಕಲ್ ಸುತ್ತಿದ ಉಕ್ಕಿನದು. ಕೆಳಗಿನ ಅಯಸ್ಕಾಂತ ಈ ತಂತಿಯನ್ನೂ ಸ್ವಲ್ಪ ಅಯಸ್ಕಾಂತ ಮಾಡಿಬಿಡುತ್ತದೆ. ತಂತಿ ಮೀಟಿದಾಗ ಅದು ಅಲುಗುತ್ತದೆ, ಸುರುಳಿಯೊಳಗೆ ಹಾಯುವ ಕಾಂತೀಯ ಫ್ಲಕ್ಸ್ ಹೆಚ್ಚು ಕಡಿಮೆ ಆಗುತ್ತದೆ, ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮ, ಪಿಯುಸಿಯಲ್ಲಿ ನಾವು ಬಾಯಿಪಾಠ ಮಾಡಿದ್ದು. ಡೈನಮೋ ಕೆಲಸ ಮಾಡುವುದೂ ಇದರಿಂದಲೇ, ಪಿಕಪ್ ಕೆಲಸ ಮಾಡುವುದೂ ಇದರಿಂದಲೇ.

ಇದರಿಂದ ತಕ್ಷಣ ಒಂದು ವಿಷಯ ಗೊತ್ತಾಗುತ್ತದೆ. ಪಿಕಪ್ ಗಾಳಿಯಲ್ಲಿನ ಶಬ್ದವನ್ನು ಕೇಳುವುದಿಲ್ಲ. ಅದು ಮೈಕ್ ಅಲ್ಲ. ನೈಲಾನ್ ತಂತಿ ಅಥವಾ ಹಿತ್ತಾಳೆ ತಂತಿ ಹಾಕಿದರೆ ಎಷ್ಟೇ ಜೋರಾಗಿ ಮೀಟಿದರೂ ಪಿಕಪ್‌ಗೆ ಏನೂ ಗೊತ್ತಾಗುವುದಿಲ್ಲ. ಅಲುಗುವ ಕಬ್ಬಿಣ ಅಷ್ಟೇ ಅದಕ್ಕೆ ಕಾಣುವುದು.

ಇಂಥದ್ದೊಂದನ್ನು ವಾದ್ಯಕ್ಕೆ ಕೂರಿಸಿ ಮಾರಾಟಕ್ಕೆ ತಂದದ್ದು ಅಮೆರಿಕದಲ್ಲಿ. 1931ರಲ್ಲಿ ಜಾರ್ಜ್ ಬೋಶಾಂ ರೂಪಿಸಿದ, ಮರುವರ್ಷ ರಿಕನ್‌ಬ್ಯಾಕರ್ ಕಂಪನಿಯಿಂದ ಹೊರಬಂದ ಗಿಟಾರಿಗೆ ಅದರ ಆಕಾರ ನೋಡಿ "ಫ್ರೈಯಿಂಗ್ ಪ್ಯಾನ್" ಅಂತ ಅಡ್ಡಹೆಸರು ಬಿತ್ತು. ಅದು ತೊಡೆಯ ಮೇಲೆ ಇಟ್ಟುಕೊಂಡು ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಹವಾಯಿಯನ್ ಗಿಟಾರ್. ಇದೇ ಜಾರುವ ವರಸೆಯನ್ನು ನಮ್ಮವರು ಹಿಂದೂಸ್ತಾನಿ ಮೀಂಡ್‌ಗೆ ಹೊಂದಿಸಿಕೊಂಡರು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರ ಸ್ಲೈಡ್ ಗಿಟಾರ್ ಕೇಳಿದವರಿಗೆ ಇದು ಗೊತ್ತು. ಕರ್ನಾಟಕ ಸಂಗೀತದಲ್ಲಿ ಯು. ಶ್ರೀನಿವಾಸ್ ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು ಗಮಕ ನುಡಿಸಿದರು. ದನಿ ನಿಧಾನವಾಗಿ ಆರುವ ಎಲೆಕ್ಟ್ರಿಕ್ ವಾದ್ಯದಲ್ಲಿ ಒಂದು ಸ್ವರವನ್ನು ಎಳೆದು ಬಾಗಿಸಲು ಹೆಚ್ಚು ಹೊತ್ತು ಸಿಗುತ್ತದೆ. ಹೀಗಾಗಿ ಪಿಕಪ್ ಅನ್ನೋದು ರಾಕ್ ಬ್ಯಾಂಡಿನವರ ಸ್ವತ್ತು ಮಾತ್ರ ಅಲ್ಲ.

ಎಂಟು ಸಾವಿರ ಸುತ್ತು

ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ 1954ರಲ್ಲಿ ಬಂತು. ಲಿಯೊ ಫೆಂಡರ್ ಮೂಲತಃ ರೇಡಿಯೋ ರಿಪೇರಿ ಅಂಗಡಿಯವರು, ಗಿಟಾರ್ ನುಡಿಸುವವರಲ್ಲ. ಆ ಗಿಟಾರಿನ ಒಂದೊಂದು ಪಿಕಪ್‌ನಲ್ಲೂ ಸುಮಾರು 8000 ಸುತ್ತು ತಂತಿ ಇರುತ್ತದೆ. ತಂತಿಯ ದಪ್ಪ 0.063 ಮಿಲಿಮೀಟರ್, ನಮ್ಮ ತಲೆಗೂದಲಿನಷ್ಟು. ಪೂರ್ತಿ ಬಿಚ್ಚಿ ಎಳೆದರೆ ಒಂದು ಕಿಲೋಮೀಟರಿಗಿಂತ ಉದ್ದ. ಮೂವತ್ತು-ನಲವತ್ತು ಪಿಕಪ್ ಬಿಚ್ಚಿದರೆ ತಂತಿ ಕಲಬುರಗಿಯಿಂದ ಕಮಲಾಪುರ ಮುಟ್ಟುತ್ತದೆ!

ಸುತ್ತು ಹೆಚ್ಚಾದರೆ ವೋಲ್ಟೇಜ್ ಹೆಚ್ಚು, ಅಂದ್ರೆ ದನಿ ಜೋರು. ಹಾಗಾದರೆ 20,000 ಸುತ್ತು ಸುತ್ತಿಬಿಟ್ಟರೆ ಆಯ್ತಲ್ಲ? ಆಗಲ್ಲ. ಯಾಕಂದ್ರೆ ಸುರುಳಿಗೆ ಇಂಡಕ್ಟನ್ಸ್ ಅಂತ ಒಂದಿದೆ, ಅದು ಸುತ್ತಿನ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಸುತ್ತು ಎರಡು ಪಟ್ಟು ಮಾಡಿದರೆ ಇಂಡಕ್ಟನ್ಸ್ ಹೆಚ್ಚುಕಡಿಮೆ ನಾಲ್ಕು ಪಟ್ಟು. ಜೊತೆಗೆ ಪಕ್ಕಪಕ್ಕದ ಸುತ್ತುಗಳ ನಡುವೆ, ಮತ್ತೆ ಗಿಟಾರ್‌ನಿಂದ ಆಂಪ್‌ಗೆ ಹೋಗುವ ಕೇಬಲ್‌ನಲ್ಲಿ, ಕೆಪಾಸಿಟನ್ಸ್ ಇರುತ್ತದೆ. ಇಂಡಕ್ಟನ್ಸ್ ಮತ್ತು ಕೆಪಾಸಿಟನ್ಸ್ ಎರಡೂ ಒಂದೇ ಕಡೆ ಸೇರಿದರೆ ಏನಾಗುತ್ತದೆ? ರೆಸೊನೆನ್ಸ್.

ಪಿಕಪ್‌ನ ದನಿಯ ಗುಟ್ಟು ಬಹುಪಾಲು ಇಲ್ಲೇ ಇದೆ. ರೆಸೊನೆನ್ಸ್ ಇರುವ ಫ್ರೀಕ್ವೆನ್ಸಿಯ ಹತ್ತಿರ ಸಿಗ್ನಲ್ ಉಬ್ಬುತ್ತದೆ, ಅದರ ಮೇಲಿನದ್ದೆಲ್ಲ ಬೇಗ ಬೇಗ ಇಳಿದುಹೋಗುತ್ತದೆ. ಲೆಕ್ಕ ಹಾಕಿ ನೋಡೋಣ. ಸ್ಟ್ರಾಟ್ ತರಹದ ಪಿಕಪ್‌ನ ಇಂಡಕ್ಟನ್ಸ್ ಸುಮಾರು 2.4 ಹೆನ್ರಿ. ಐದು ಮೀಟರ್ ಕೇಬಲ್‌ಗೆ ಮೀಟರಿಗೆ 100 ಪಿಕೋಫ್ಯಾರಡ್‌ನಂತೆ 500, ಸುರುಳಿಯದ್ದೇ ಒಂದು 100, ಒಟ್ಟು 600 ಪಿಕೋಫ್ಯಾರಡ್. ಎರಡನ್ನೂ ಗುಣಿಸಿ, ವರ್ಗಮೂಲ ತೆಗೆದು, 2 ಪೈಯಿಂದ ಗುಣಿಸಿ, ತಿರುವಿ ಹಾಕಿದರೆ ಸುಮಾರು 4200 ಹರ್ಟ್ಸ್ ಬರುತ್ತದೆ. ನಮ್ಮ ಕಿವಿ ತುಂಬಾ ಚುರುಕಾಗಿರುವ ಜಾಗ ಇದು. ಅದಕ್ಕೇ ಆ ಗಿಟಾರ್‌ಗೆ ಗಾಜಿನ ಮೇಲೆ ಚಮಚ ತಾಗಿದಂಥ ಹೊಳಪು.

ಈಗ ಇಂಡಕ್ಟನ್ಸ್ 4.5 ಹೆನ್ರಿ ಇರುವ ಇನ್ನೊಂದು ಪಿಕಪ್ ತೊಗೊಳ್ಳಿ, ಕೇಬಲ್ ಅದೇ ಇರಲಿ. ಉತ್ತರ ಸುಮಾರು 3100 ಹರ್ಟ್ಸ್. ಹೊಳಪು ಕಡಿಮೆ, ಮಧ್ಯದ ದನಿ ದಪ್ಪ. ಅಂಗಡಿಯವರು "ವಾರ್ಮ್" ಅನ್ನುವುದು ಇದಕ್ಕೇ.

ಇನ್ನೂ ಒಂದು ಲೆಕ್ಕ. ಮೊದಲಿನ 2.4 ಹೆನ್ರಿ ಪಿಕಪ್ಪನ್ನೇ ಇಟ್ಟುಕೊಂಡು ಕೇಬಲ್ ಮಾತ್ರ ಹತ್ತು ಮೀಟರ್ ಮಾಡಿ. ಒಟ್ಟು 1100 ಪಿಕೋಫ್ಯಾರಡ್. ಮತ್ತೆ 3100 ಹರ್ಟ್ಸ್! ಉಬ್ಬು ಕೂತ ಜಾಗ ಎರಡನೇ ಪಿಕಪ್‌ನದ್ದೇ. ಗ್ಯಾದರಿಂಗ್ ದಿನ ಸ್ಟೇಜ್ ಮೇಲೆ ಉದ್ದ ಕೇಬಲ್ ಹಾಕಿದ ಕೂಡಲೇ "ಪ್ರ್ಯಾಕ್ಟೀಸ್‌ನಲ್ಲಿ ಚಲೋ ಇತ್ತು, ಇಲ್ಲಿ ಯಾಕ ಮಂಕಾತು?" ಅನ್ನೋದಕ್ಕೆ ಕಾರಣ ಹಲವು ಸಲ ಇಷ್ಟೇ. ಸಾವಿರಾರು ರೂಪಾಯಿ ಕೊಟ್ಟು ಪಿಕಪ್ ಬದಲಿಸುವ ಮುಂಚೆ ಕೇಬಲ್ ಬದಲಿಸಿ ನೋಡಿ.

ಓಮ್ ನೋಡಿ ಮರುಳಾಗಬೇಡಿ

ಪಿಕಪ್ ಮಾರುವವರು ಬಾಕ್ಸಿನ ಮೇಲೆ "6 ಕಿಲೋಓಮ್", "8 ಕಿಲೋಓಮ್" ಅಂತ ಹಾಕುತ್ತಾರೆ. ಓಮ್ ಜಾಸ್ತಿ ಇದ್ದರೆ ಪಿಕಪ್ ಜೋರು ಅಂತ ಎಲ್ಲರೂ ನಂಬಿದ್ದಾರೆ. ಒಂದೇ ದಪ್ಪದ ತಂತಿ, ಒಂದೇ ಥರದ ಪಿಕಪ್ ಇದ್ದಾಗ ಇದು ಸ್ವಲ್ಪ ನಿಜ. ಆದರೆ ಇನ್ನೂ ತೆಳ್ಳಗಿನ ತಂತಿ ಸುತ್ತಿದರೆ ಸುತ್ತು ಅಷ್ಟೇ ಇದ್ದರೂ ಓಮ್ ಏರುತ್ತದೆ, ದನಿ ಮಾತ್ರ ಜೋರಾಗುವುದಿಲ್ಲ.

ನಮ್ಮ ಊರಿನವರಿಗೆ ಇನ್ನೊಂದು ಉದಾಹರಣೆ. ತಾಮ್ರದ ರೆಸಿಸ್ಟನ್ಸ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಪರ್ಸೆಂಟ್ ಏರುತ್ತದೆ. ಬೆಂಗಳೂರಿನಲ್ಲಿ 20 ಡಿಗ್ರಿ ಇದ್ದಾಗ 6 ಕಿಲೋಓಮ್ ತೋರಿಸಿದ ಪಿಕಪ್, ಮೇ ತಿಂಗಳ ಕಲಬುರಗಿಯ 42 ಡಿಗ್ರಿಯಲ್ಲಿ 6.5 ಕಿಲೋಓಮ್ ತೋರಿಸುತ್ತದೆ. ಬಿಸಿಲಿಗೆ ಪಿಕಪ್ "ಪವರ್‌ಫುಲ್" ಆಯ್ತೇನು? ಇಲ್ಲ. ಸುತ್ತು ಅಷ್ಟೇ, ಅಯಸ್ಕಾಂತ ಅದೇ. ಮೀಟರಿನ ಅಂಕಿ ಮಾತ್ರ ಬದಲಾಯಿತು. ನೋಡಬೇಕಾದ್ದು ಇಂಡಕ್ಟನ್ಸ್. ನಮ್ಮ ಲ್ಯಾಬಿನ ಎಲ್‌ಸಿಆರ್ ಮೀಟರ್‌ನಲ್ಲಿ ಎರಡು ನಿಮಿಷದ ಕೆಲಸ.

ಅಯಸ್ಕಾಂತ ಯಾವುದು?

ಹಳೆಯ ವಿನ್ಯಾಸಗಳಲ್ಲಿ ಅಲ್ನಿಕೊ ಬಳಸುತ್ತಾರೆ. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಹೆಸರುಗಳ ಮೊದಲ ಅಕ್ಷರ ಸೇರಿಸಿ ಆದ ಪದ ಅದು, ಜೊತೆಗೆ ಕಬ್ಬಿಣವೂ ಇರುತ್ತದೆ. ಅಲ್ನಿಕೊ 2 ಮೆತ್ತಗೆ, ಅಲ್ನಿಕೊ 5 ಅದಕ್ಕಿಂತ ಬಲ. ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಬೇರೆ ಏರ್ಪಾಡು: ತಂತಿಯ ಕೆಳಗೆ ಆರು ಉಕ್ಕಿನ ಕಡ್ಡಿ, ಅವುಗಳ ತಳಕ್ಕೆ ಅಂಟಿಸಿದ ಒಂದೋ ಎರಡೋ ಸೆರಾಮಿಕ್ ಅಯಸ್ಕಾಂತದ ಪಟ್ಟಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಜನ "ಸೆರಾಮಿಕ್ ದನಿ ಒರಟು" ಅಂತ ಅಯಸ್ಕಾಂತವನ್ನೇ ಬೈಯುತ್ತಾರೆ. ಆದರೆ ವ್ಯತ್ಯಾಸದ ದೊಡ್ಡ ಪಾಲು ಆ ಉಕ್ಕಿನ ಕಡ್ಡಿಯದ್ದು. ಉಕ್ಕು ಸುರುಳಿಯ ನಡುವೆ ಬಂದರೆ ಇಂಡಕ್ಟನ್ಸ್ ಏರುತ್ತದೆ, ಅಲ್ನಿಕೊ ಕಡ್ಡಿಯಲ್ಲಿ ಅಷ್ಟು ಏರುವುದಿಲ್ಲ. ಉಕ್ಕಿನೊಳಗೆ ಎಡ್ಡಿ ಕರೆಂಟ್ ಕೂಡ ಓಡುತ್ತದೆ, ಅದು ರೆಸೊನೆನ್ಸಿನ ಉಬ್ಬನ್ನು ತಗ್ಗಿಸುತ್ತದೆ. ಪಿಕಪ್ ಮೇಲೆ ಲೋಹದ ಮುಚ್ಚಳ ಹಾಕಿದಾಗಲೂ ಹೀಗೇ. ಹಿತ್ತಾಳೆ ಮುಚ್ಚಳ ಹೊಳಪನ್ನು ಹೆಚ್ಚು ತಿನ್ನುತ್ತದೆ, ನಿಕ್ಕಲ್ ಸಿಲ್ವರ್ ಮುಚ್ಚಳ ಕಡಿಮೆ ತಿನ್ನುತ್ತದೆ, ಯಾಕಂದ್ರೆ ಹಿತ್ತಾಳೆಯಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ.

ಅಯಸ್ಕಾಂತ ಬಲವಾಗಿದ್ದಷ್ಟೂ ಒಳ್ಳೇದು ಅಂತಲೂ ಅಲ್ಲ. ಪಿಕಪ್ಪನ್ನು ತಂತಿಗೆ ತೀರಾ ಹತ್ತಿರ ಏರಿಸಿದರೆ ಅಯಸ್ಕಾಂತ ತಂತಿಯನ್ನು ಎಳೆದು ಹಿಡಿಯುತ್ತದೆ. ಆಗ ದಪ್ಪ ತಂತಿಗಳಲ್ಲಿ ಶ್ರುತಿ ಅಲ್ಲಾಡಿದಂತೆ, ಎರಡು ಸ್ವರ ಒಟ್ಟಿಗೆ ಬಂದಂತೆ ಕೇಳುತ್ತದೆ. ಪಕ್ಕದ ಸ್ಕ್ರೂ ತಿರುಗಿಸಿ ಪಿಕಪ್ ಸ್ವಲ್ಪ ಇಳಿಸಿದರೆ ಮುಗೀತು. ಖರ್ಚು ಸೊನ್ನೆ.

ಗುಂಯ್ ಅನ್ನುವ 50 ಹರ್ಟ್ಸ್

ಸುರುಳಿಗೆ ಒಂದು ದೊಡ್ಡ ದೌರ್ಬಲ್ಯ ಇದೆ. ಫ್ಲಕ್ಸ್ ಗಿಟಾರ್ ತಂತಿಯಿಂದ ಬದಲಾಯಿತೋ ಗೋಡೆಯೊಳಗಿನ ವೈರಿಂಗ್‌ನಿಂದ ಬದಲಾಯಿತೋ, ಅದಕ್ಕೆ ಎರಡೂ ಒಂದೇ. ನಮ್ಮ ಮೇನ್ಸ್ 50 ಹರ್ಟ್ಸ್. ಫ್ಯಾನ್ ರೆಗ್ಯುಲೇಟರ್, ಟ್ಯೂಬ್‌ಲೈಟ್ ಚೋಕ್, ಅಡಾಪ್ಟರ್, ಯುಪಿಎಸ್ ಎಲ್ಲವೂ 50, 100, 150 ಹರ್ಟ್ಸ್‌ನಲ್ಲಿ ತಮ್ಮ ಕಾಂತಕ್ಷೇತ್ರ ಹರಡುತ್ತಲೇ ಇರುತ್ತವೆ. ಒಂದೇ ಸುರುಳಿಯ ಪಿಕಪ್ ಅದನ್ನೆಲ್ಲ ಹಿಡಿದು ಗುಂಯ್ ಅನ್ನುತ್ತದೆ.

ಗಿಬ್ಸನ್ ಕಂಪನಿಯ ಇಂಜಿನಿಯರ್ ಸೆತ್ ಲವರ್ ಇದಕ್ಕೆ 1955ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, ಮಂಜೂರಾದದ್ದು 1959ರಲ್ಲಿ. ಉಪಾಯ ತುಂಬಾ ಚಂದ. ಎರಡು ಸುರುಳಿ ಪಕ್ಕಪಕ್ಕ ಇಡಿ. ಎರಡನೆಯದನ್ನು ಉಲ್ಟಾ ಜೋಡಿಸಿ. ಹೊರಗಿನ ಗುಂಯ್ ಎರಡರಲ್ಲೂ ಸಮನಾಗಿ ಹುಟ್ಟುತ್ತದೆ, ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್ ಆಗಿ ಹೊರಬಂದು ಅಳಿದುಹೋಗುತ್ತದೆ. ಆದರೆ ಗಿಟಾರ್ ಸಿಗ್ನಲ್ಲೂ ಅಳಿದರೆ ಏನು ಉಪಯೋಗ? ಅದಕ್ಕೆ ಎರಡನೇ ಸುರುಳಿಯ ಅಯಸ್ಕಾಂತದ ಧ್ರುವವನ್ನೂ ಉಲ್ಟಾ ಮಾಡಿದರು. ಗುಂಯ್‌ಗೆ ನಮ್ಮ ಅಯಸ್ಕಾಂತದ ಹಂಗಿಲ್ಲ, ತಂತಿಯ ಸಿಗ್ನಲ್‌ಗೆ ಇದೆ. ಸಿಗ್ನಲ್ ಎರಡು ಸಲ ಉಲ್ಟಾ ಆಗಿ ಸುಲ್ಟಾ ಆಗುತ್ತದೆ, ಮೊದಲನೆಯದಕ್ಕೆ ಕೂಡಿಕೊಳ್ಳುತ್ತದೆ. ಇದೇ ಹಂಬಕರ್.

ಎರಡು ಸುರುಳಿ ಸರಣಿಯಲ್ಲಿ ಸೇರಿದ್ದರಿಂದ ಇಂಡಕ್ಟನ್ಸ್ ಜಾಸ್ತಿ, ಮೇಲೆ ಲೆಕ್ಕ ಹಾಕಿದ 4.5 ಹೆನ್ರಿ ಇದರದ್ದೇ. ಜೊತೆಗೆ ಅದು ತಂತಿಯನ್ನು ಎರಡು ಜಾಗದಲ್ಲಿ ಕೇಳುತ್ತದೆ. ಒಂದು ಜಾಗದಲ್ಲಿ ತಂತಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇರುವಂಥ ಅತಿ ಸಣ್ಣ ಅಲೆಗಳು ಅಲ್ಲೇ ಅಳಿದುಹೋಗುತ್ತವೆ. ಗುಂಯ್ ತೆಗೆಯಲು ಹೋಗಿ ದನಿಯೂ ಬೇರೆಯಾಯಿತು, ಆ ಬೇರೆ ದನಿಯನ್ನೇ ಹಾರ್ಡ್ ರಾಕ್ ಅಪ್ಪಿಕೊಂಡಿತು.

ನಿಮ್ಮ ಗಿಟಾರ್ ಗೊಣಗುತ್ತಿದ್ದರೆ ಎರಡು ಪರೀಕ್ಷೆ ಮಾಡಿ. ಒಂದು, ಗಿಟಾರ್ ಹಿಡಿದುಕೊಂಡು ನಿಂತಲ್ಲೇ ತಿರುಗಿ. ಒಂದು ದಿಕ್ಕಿಗೆ ಗುಂಯ್ ಕಡಿಮೆಯಾದರೆ ಅದು ಕಾಂತಕ್ಷೇತ್ರದ್ದು, ಅದಕ್ಕೆ ಹಂಬಕರ್ ಮದ್ದು. ಎರಡು, ತಂತಿ ಮುಟ್ಟಿ. ಮುಟ್ಟಿದಾಗ ಗರಗರ ನಿಂತರೆ ಅದು ಎಲೆಕ್ಟ್ರಿಕ್ ಫೀಲ್ಡ್‌ನದ್ದು. ಅದಕ್ಕೆ ಗಿಟಾರ್ ಒಳಗೆ ತಾಮ್ರದ ಫಾಯಿಲ್ ಅಂಟಿಸಿ ಗ್ರೌಂಡ್‌ಗೆ ಜೋಡಿಸಬೇಕು, ಪಿಕಪ್ ಬದಲಿಸಿದರೆ ಪೂರ್ತಿ ಹೋಗುವುದಿಲ್ಲ. ಮುಟ್ಟಿದಾಗ ಕೈಗೆ ಚುರ್ ಅಂದರೆ ಮಾತ್ರ ತಕ್ಷಣ ಆಂಪ್ ಬಂದ್ ಮಾಡಿ, ಸಾಕೆಟ್ಟಿನ ಅರ್ಥಿಂಗ್ ಚೆಕ್ ಮಾಡಿಸಿ. ಅದು ಟೋನಿನ ವಿಷಯ ಅಲ್ಲ, ಜೀವದ ವಿಷಯ.

ಎಲ್ಲಿ ಕೂತಿದೆ ಅನ್ನೋದೂ ಮುಖ್ಯ

ಒಂದೇ ಪಿಕಪ್ಪನ್ನು ಬ್ರಿಜ್ ಹತ್ತಿರ ಇಟ್ಟರೆ ಒಂದು ದನಿ, ಕುತ್ತಿಗೆ ಹತ್ತಿರ ಇಟ್ಟರೆ ಇನ್ನೊಂದು. ಬ್ರಿಜ್ ಬಳಿ ತಂತಿ ಕಡಿಮೆ ಅಲುಗುತ್ತದೆ, ಮೂಲ ಸ್ವರಕ್ಕಿಂತ ಹಾರ್ಮೊನಿಕ್ಸ್ ಪಾಲು ಹೆಚ್ಚು, ದನಿ ಚೂಪು. ಸ್ಟ್ರಾಟ್‌ನ ತಂತಿ ಉದ್ದ 648 ಮಿಲಿಮೀಟರ್. ಕುತ್ತಿಗೆ ಪಿಕಪ್ ಬ್ರಿಜ್‌ನಿಂದ ಸುಮಾರು 162 ಮಿಲಿಮೀಟರ್ ದೂರ, ಅಂದ್ರೆ ಸರಿಯಾಗಿ ಕಾಲು ಭಾಗ. ಖಾಲಿ ತಂತಿ ಮೀಟಿದಾಗ ನಾಲ್ಕನೇ ಹಾರ್ಮೊನಿಕ್ ಅಲ್ಲಿ ಅಲುಗುವುದೇ ಇಲ್ಲ, ಹಾಗಾಗಿ ಪಿಕಪ್‌ಗೆ ಕೇಳುವುದೂ ಇಲ್ಲ. ಬೆರಳಿಟ್ಟು ತಂತಿ ಗಿಡ್ಡ ಮಾಡಿದ ಕೂಡಲೇ ಈ ಲೆಕ್ಕ ಬದಲಾಗುತ್ತದೆ.

ಕಮಲಾಪುರದ ಏಕತಾರಿ

ಇಷ್ಟೆಲ್ಲ ಓದಿ ಒಂದು ಪಿಕಪ್ಪನ್ನಾದರೂ ಕೈಯಾರೆ ಸುತ್ತಬೇಕು ಅನ್ನಿಸಿತು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ನಮ್ಮ ಸೋದರಮಾವನದ್ದು ಮೋಟಾರ್ ವೈಂಡಿಂಗ್ ಅಂಗಡಿ. ಹೊಲದ ಬೋರ್‌ವೆಲ್ ಮೋಟಾರು ಸುಟ್ಟರೆ ಬರೋದು ಅಲ್ಲಿಗೇ. ಕೈಯಿಂದ ತಿರುಗಿಸುವ ಸುತ್ತುವ ಮಷಿನ್, ಅದಕ್ಕೆ ಸುತ್ತು ಎಣಿಸುವ ಕೌಂಟರ್, ಎಲ್ಲ ಇದೆ. "ಮಾವಾ, 42 ಗೇಜ್ ತಂತಿ ಬೇಕು" ಅಂದೆ. ಮಾವ ತಕ್ಷಣ ಕೇಳಿದ್ದು: "ಯಾವ 42? ನಮ್ಮದಾ, ಅಮೆರಿಕಾದ್ದಾ?"

ಈ ಪ್ರಶ್ನೆ ಇಂಟರ್ನೆಟ್ ನೋಡಿ ಪಿಕಪ್ ಸುತ್ತುವ ಎಲ್ಲರಿಗೂ ಬೇಕು. ಪಿಕಪ್ ಪುಸ್ತಕಗಳ 42 ಅಮೆರಿಕನ್ ಗೇಜ್, ಅದು 0.063 ಮಿಲಿಮೀಟರ್. ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ನಡೆಯೋದು ಬ್ರಿಟಿಷರ ಎಸ್‌ಡಬ್ಲ್ಯೂಜಿ ಗೇಜ್. ಅದರಲ್ಲಿ 42 ಅಂದ್ರೆ 0.1 ಮಿಲಿಮೀಟರ್. ಅದೇ ಜಾಗದಲ್ಲಿ 8000 ಸುತ್ತಿನ ಬದಲು ಸುಮಾರು 3100 ಸುತ್ತು ಹಿಡಿಯುತ್ತದೆ. ಇಂಡಕ್ಟನ್ಸ್ ವರ್ಗದ ಲೆಕ್ಕದಲ್ಲಿ ಇಳಿದು ಆರರಲ್ಲೊಂದು ಭಾಗವಾಗುತ್ತದೆ, ದನಿ ಸೊರಗುತ್ತದೆ. ನಮ್ಮ ಗೇಜಿನಲ್ಲಿ ಕೇಳಬೇಕಾದ್ದು 46.

ಸುತ್ತಿದ್ದು ಗಿಟಾರಿಗಲ್ಲ, ಏಕತಾರಿಗೆ. ಮಾವನ ಓಣಿಯಲ್ಲಿ ಒಬ್ಬ ಅಜ್ಜ ಇದ್ದಾರೆ, ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತಾರೆ. ಭಜನೆಯಲ್ಲಿ ಈಗ ಮೈಕ್, ಕೀಬೋರ್ಡ್, ಪ್ಯಾಡ್ ಎಲ್ಲ ಬಂದಿವೆ. ಅವುಗಳ ನಡುವೆ ಏಕತಾರಿ ಕೇಳಿಸೋದೇ ಇಲ್ಲ. ಮೈಕ್ ಹತ್ತಿರ ತಂದರೆ ಕುಂಯ್ ಅಂತ ಫೀಡ್‌ಬ್ಯಾಕ್. "ಶ್ರುತಿ ಕೇಳ್ಲಿಲ್ಲಂದ್ರ ನಾ ಹ್ಯಾಂಗ ಹಾಡ್ಲಿ?" ಅನ್ನೋದು ಅಜ್ಜನ ಪ್ರಶ್ನೆ. ಒಂದೇ ತಂತಿ, ಅದೂ ಉಕ್ಕಿನದು. ಪಿಕಪ್‌ಗೆ ಇದಕ್ಕಿಂತ ಒಳ್ಳೆ ಗಿರಾಕಿ ಯಾರು?

ಒಂದು ಉಕ್ಕಿನ ಬೋಲ್ಟ್, ಅದರ ತಳಕ್ಕೆ ಸಣ್ಣ ಸೆರಾಮಿಕ್ ಅಯಸ್ಕಾಂತ, ಸುತ್ತಲೂ 5000 ಸುತ್ತು. ಮಾವ ಎರಡು ಬೆರಳ ನಡುವೆ ಬಟ್ಟೆ ಚೂರು ಹಿಡಿದು ತಂತಿಯನ್ನು ಹದವಾಗಿ ಬಿಡುತ್ತಾ ಹೋದರು, ನಾನು ಹಿಡಿಕೆ ತಿರುಗಿಸಿದೆ. ಆಮೇಲೆ ಕರಗಿಸಿದ ಮೇಣದಲ್ಲಿ ಅದ್ದಿದೆವು. ಸುತ್ತುಗಳು ಸಡಿಲ ಇದ್ದರೆ ಸ್ಪೀಕರ್ ಸದ್ದಿಗೆ ತಾವೇ ಅಲುಗಿ ಕಿರುಚುತ್ತವೆ, ಮೇಣ ಅವನ್ನು ಕಟ್ಟಿಹಾಕುತ್ತದೆ. ಮೇಣವನ್ನು ನೇರ ಬೆಂಕಿಯ ಮೇಲೆ ಇಡಬಾರದು, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು.

ಬಿದಿರಿಗೆ ಕಟ್ಟಿ ಆಂಪ್‌ಗೆ ಜೋಡಿಸಿದಾಗ ದನಿ ಸ್ಪಷ್ಟವಾಗಿ ಬಂತು, ಫೀಡ್‌ಬ್ಯಾಕ್ ಇಲ್ಲ. ಅಜ್ಜ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಮೀಟಿದರು. ಆಮೇಲೆ ಹೇಳಿದರು: "ತಂತಿ ಕೇಳ್ಲತ್ತದ ಖರೆ. ಬುರುಡಿ ಎಲ್ಲಿ ಹೋಯ್ತು?"

ಅವರು ಹೇಳಿದ್ದು ಪೂರ್ತಿ ಸರಿ. ಏಕತಾರಿಯ ದನಿ ಅಂದ್ರೆ ತಂತಿ ಬುರುಡೆಯನ್ನು ಅಲುಗಿಸಿ, ಬುರುಡೆ ಗಾಳಿಯನ್ನು ಅಲುಗಿಸಿ ಬರುವ ದನಿ. ಪಿಕಪ್‌ಗೆ ಕಾಣೋದು ಕಬ್ಬಿಣ ಮಾತ್ರ ಅಂತ ಮೇಲೆ ಬರೆದೆ. ಬುರುಡೆ ತಂತಿಯಿಂದ ಶಕ್ತಿ ಹೀರಿಕೊಂಡು ಅದರ ಅಲುಗಾಟವನ್ನು ಸ್ವಲ್ಪ ಬದಲಿಸುತ್ತದೆ, ಅಷ್ಟು ಪಿಕಪ್‌ಗೂ ಗೊತ್ತಾಗುತ್ತದೆ. ಆದರೆ ಬುರುಡೆಯ ಸ್ವಂತ ಗುಂಗು ಬರುವುದಿಲ್ಲ. ಎಂಟು ಸಾವಿರ ಸುತ್ತು ಹಾಕಿದರೂ ಬರುವುದಿಲ್ಲ, ಅಲ್ನಿಕೊ ತಂದರೂ ಬರುವುದಿಲ್ಲ.

ಅದಕ್ಕೆ ಬುರುಡೆಗೆ ಒಂದು ಪಿಯೆಜೊ ಡಿಸ್ಕ್ ಅಂಟಿಸಿದೆವು, ಬಜರ್ ಒಳಗೆ ಇರುವ ಹಿತ್ತಾಳೆಯ ಬಿಲ್ಲೆ. ಅದು ಮೇಲ್ಮೈಯ ಅದುರುವಿಕೆಯನ್ನೇ ವೋಲ್ಟೇಜ್ ಮಾಡುತ್ತದೆ. ಅದನ್ನು ನೇರ ಮಿಕ್ಸರ್‌ಗೆ ಹಾಕಿದರೆ ಕೆಳದನಿ ಸತ್ತುಹೋಗುತ್ತದೆ, ನಡುವೆ ಒಂದು ಮೆಗಾಓಮ್‌ಗಿಂತ ಹೆಚ್ಚು ಇನ್‌ಪುಟ್ ಇರುವ ಒಂದು ಎಫ್‌ಇಟಿಯ ಸಣ್ಣ ಬಫರ್ ಬೇಕು. ಈಗ ಅಜ್ಜನ ಹತ್ತಿರ ಎರಡು ನಾಬ್ ಇವೆ, ಒಂದು ತಂತಿಗೆ, ಒಂದು ಬುರುಡೆಗೆ. ಬುರುಡೆ ನಾಬ್ ಜಾಸ್ತಿ ತಿರುಗಿಸಿದರೆ ಫೀಡ್‌ಬ್ಯಾಕ್ ವಾಪಸ್ ಬರುತ್ತದೆ. ಎಷ್ಟು ಬುರುಡೆ, ಎಷ್ಟು ತಂತಿ ಅನ್ನೋದನ್ನು ಅಜ್ಜನೇ ತೀರ್ಮಾನ ಮಾಡುತ್ತಾರೆ, ನಮ್ಮ ಆಸಿಲೊಸ್ಕೋಪ್ ಅಲ್ಲ.

ಪಿಕಪ್ ಕೊಳ್ಳುವ ಮುಂಚೆ

ಹೊಸ ಪಿಕಪ್‌ಗೆ ದುಡ್ಡು ಹಾಕಬೇಕು ಅಂತಿರುವ ಗೆಳೆಯರು ಮೊದಲು ಈ ಕ್ರಮದಲ್ಲಿ ನೋಡಿ: ಪಿಕಪ್‌ನ ಎತ್ತರ ಸರಿಮಾಡಿ, ಗಿಡ್ಡ ಕೇಬಲ್ ಹಾಕಿ ಕೇಳಿ, ಮೇಲಿನ ಎರಡು ಗುಂಯ್ ಪರೀಕ್ಷೆ ಮಾಡಿ. ಆಮೇಲೆ ವಾಲ್ಯೂಮ್ ಪಾಟ್ ನೋಡಿ. 250 ಕಿಲೋಓಮ್ ಇದ್ದರೆ ರೆಸೊನೆನ್ಸ್ ಉಬ್ಬು ತಗ್ಗಿ ದನಿ ಮೆತ್ತಗಾಗುತ್ತದೆ, 500 ಕಿಲೋಓಮ್ ಇದ್ದರೆ ಉಬ್ಬು ಉಳಿಯುತ್ತದೆ. ಪಾಟ್ ಬದಲಿಸೋದಕ್ಕೆ ಪಿಕಪ್‌ನ ಬೆಲೆಯ ಹತ್ತರಲ್ಲೊಂದು ಭಾಗವೂ ಆಗುವುದಿಲ್ಲ. ಇದೆಲ್ಲ ಆದ ಮೇಲೂ ಬೇಕಾದ ದನಿ ಬರಲಿಲ್ಲ ಅಂದ್ರೆ ಆಗ ಪಿಕಪ್ ಕೊಳ್ಳಿ, ಕೊಳ್ಳುವಾಗ ಅಂಗಡಿಯವರನ್ನು "ಇಂಡಕ್ಟನ್ಸ್ ಎಷ್ಟ್ರೀ?" ಅಂತ ಕೇಳಿ. ಗೊತ್ತಿಲ್ಲ ಅಂದ್ರೆ ಬೇಜಾರಾಗಬೇಡಿ. ಲ್ಯಾಬ್ ಇನ್‌ಸ್ಟ್ರಕ್ಟರ್ ಅವರನ್ನು ಕೇಳಿ ಎಲ್‌ಸಿಆರ್ ಮೀಟರ್ ತೊಗೊಂಡು ನಾವೇ ಅಳೆಯೋಣ. ಅಳೆದ ಲೆಕ್ಕ ಇಲ್ಲೇ, ಕನ್ನಡದಲ್ಲೇ, ಹಾಕೋಣ.